ತರುವ ಬಾಗಿಲು

"ಅಜ್ಜಾರ, ಪ್ರತಿಯೊಬ್ಬ ಮನುಷ್ಯ ತನ್ನ ಪಾಲಿನ ಕೆಲಸ ತಪ್ಪಿಲ್ಲದಂಗ ಮಾಡಿದ್ರ, ಲೋಕದಾಗ ದುಃಖ ಉಳೀತದೇನ್ರಿ?"

ಕೇಳಿದವನು ಗದಿಗೆಯ್ಯ. ಒಂಬತ್ತು ವರ್ಷದಿಂದ ಮಠದಲ್ಲಿದ್ದ. ಮರುದಿನ ಅವನ ಪ್ರವಚನವಿತ್ತು. ವಿಷಯ ಕಾಯಕ. ಉತ್ತರವನ್ನು ಆಗಲೇ ಬರೆದುಕೊಂಡಿದ್ದ. ಗುರುಗಳಾದ ಅಜ್ಜನವರ ಬಾಯಿಂದ ಹೌದು ಅನ್ನಿಸಿಕೊಂಡು ಹೋಗಲು ಬಂದಿದ್ದ.

"ನೀ ಏನು ಬರಕೊಂಡಿ?" ಎಂದರು ಅಜ್ಜನವರು.

"ಉಳಿಯೂದಿಲ್ಲ ಅಂತ ಬರಕೊಂಡೀನ್ರಿ."

ಅಜ್ಜನವರು ಕಾಗದ ಇಸಿದುಕೊಂಡು ನೋಡಿದರು. "ಅಕ್ಷರ ಚಂದ ಬಂದಾವು. ಕೂಡು."

ಗದಿಗೆಯ್ಯ ಕುಳಿತ. ಅಜ್ಜನವರು ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಸರ್ಕಾರಿ ಆಸ್ಪತ್ರೆ. ಆಸ್ಪತ್ರೆಯ ಎದುರು ಒಂದು ಖಾನಾವಳಿ. ಆಸ್ಪತ್ರೆಯಲ್ಲಿ ಒಬ್ಬ ಗುಮಾಸ್ತ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಒಬ್ಬ ಹೆಂಗಸು. ಗುಮಾಸ್ತ ದಿನಾ ಮಧ್ಯಾಹ್ನ ಅಲ್ಲಿಯೇ ಉಣ್ಣುತ್ತಿದ್ದ. ಆಕೆಯ ರೊಟ್ಟಿ ಎಷ್ಟು ತೆಳುವೆಂದರೆ ಎರಡು ತಿಂದವನು ಒಂದೇ ತಿಂದೆ ಎಂದು ಪ್ರಾಮಾಣಿಕವಾಗಿ ವಾದಿಸಬಹುದಿತ್ತು.

ಆಕೆಗೆ ಬಲ ಎದೆಯಲ್ಲಿ ಒಂದು ಗಂಟು ಕಾಣಿಸಿತು. ಅವರೆಕಾಳಿನಷ್ಟು. ನೋಯುತ್ತಿರಲಿಲ್ಲ. ನೋಯದ್ದನ್ನು ತೋರಿಸಲು ಹೋಗುವುದು ಆಕೆಯ ಕೇರಿಯಲ್ಲಿ ರೂಢಿಯಲ್ಲಿಲ್ಲ. ಆದರೂ ಹೋದಳು. ಇದನ್ನು ಗಮನದಲ್ಲಿಡು: ಆಕೆ ತನ್ನ ಕೆಲಸ ಮಾಡಿದಳು.

ವೈದ್ಯ ನೋಡಿದ. ಸೂಜಿ ಹಾಕಿ ಗಂಟಿನ ಚೂರು ತೆಗೆದ. ಅದನ್ನು ಶಹರದ ಲ್ಯಾಬಿಗೆ ಕಳಿಸಿದ. "ಹತ್ತು ದಿನದಾಗ ವರದಿ ಬರ್ತದ. ಬಂದ ಮ್ಯಾಲ ಮುಂದಿಂದು" ಎಂದ. ಅವನೂ ತನ್ನ ಕೆಲಸ ಮಾಡಿದ.

ಮೊದಲು ಇಂಥ ವರದಿಗಳು ಹಳದಿ ಲಕೋಟೆಯಲ್ಲಿ ಅಂಚೆಯವನ ಕೈಯಲ್ಲಿ ಬರುತ್ತಿದ್ದವು. ತಡವಾಗುತ್ತದೆಂದು ಅದನ್ನು ನಿಲ್ಲಿಸಿದ್ದರು. ಈಗ ಇ-ಮೇಲಿನಲ್ಲಿ ಬರುತ್ತಿದ್ದವು. ಗುಮಾಸ್ತ ಬೆಳಿಗ್ಗೆ ಕಂಪ್ಯೂಟರ್ ಹಚ್ಚುತ್ತಿದ್ದ, ಬಂದದ್ದನ್ನು ಕಾಗದದ ಮೇಲೆ ತೆಗೆಯುತ್ತಿದ್ದ, ವೈದ್ಯನ ಮೇಜಿನ ಮೇಲೆ ಇಡುತ್ತಿದ್ದ.

ಅದೇ ವಾರ ಆಸ್ಪತ್ರೆಗೆ ಒಂದು ಗೋಡೆ ಬಂತು.

"ಎಂಥಾ ಗ್ವಾಡಿರೀ?" ಎಂದ ಗದಿಗೆಯ್ಯ.

"ಫೈರ್‌ವಾಲ್ ಅಂತಾರ. ಒಂದು ಸಣ್ಣ ಡಬ್ಬಿ. ಹಸಿರು ದೀಪ ಇರ್ತಾವ."

ಗೋಡೆ ಬಂದದ್ದಕ್ಕೆ ಕಾರಣವಿತ್ತು. ಬೇರೊಂದು ಊರಿನ ಕಚೇರಿಯಲ್ಲಿ ಒಬ್ಬ ನೌಕರನಿಗೆ ಕಾರು ಬಹುಮಾನ ಬಂದಿದೆ ಎಂಬ ಪತ್ರ ಬಂದಿತ್ತು. ಅವನು ತೆರೆದ. ಕಾರು ಬರಲಿಲ್ಲ. ಕಚೇರಿಯ ದಾಖಲೆಗಳಿಗೆಲ್ಲ ಯಾರೋ ದೂರದಿಂದ ಬೀಗ ಹಾಕಿದರು. ಇಪ್ಪತ್ತು ವರ್ಷದ ದಾಖಲೆ ಹೋಯಿತು. ಆದ್ದರಿಂದ ಜಿಲ್ಲೆಯ ಎಲ್ಲ ಆಸ್ಪತ್ರೆಗಳಿಗೂ ಗೋಡೆ ಕಟ್ಟಬೇಕೆಂದು ಆದೇಶವಾಯಿತು. ಯೋಗ್ಯವಾದ ಆದೇಶ.

ಗೋಡೆಯಲ್ಲಿ ಸಾವಿರಾರು ಬಾಗಿಲು. ಒಂದೊಂದಕ್ಕೂ ಒಂದೊಂದು ಸಂಖ್ಯೆ. ಎಲ್ಲವನ್ನೂ ಮುಚ್ಚಬೇಕು, ಕೇಳಿದ್ದನ್ನು ಮಾತ್ರ ತೆರೆಯಬೇಕು ಎಂಬುದು ನಿಯಮ. ಏನೇನು ಬೇಕೆಂದು ಕೇಳಲು ಜಿಲ್ಲೆಯಿಂದ ಒಂದು ನಮೂನೆ ಬಂತು. ಅದರಲ್ಲಿ ಒಂದು ಸಾಲು: ಇ-ಮೇಲ್ ಬೇಕೇ? ಹೌದು, ಇಲ್ಲ. ಗುಮಾಸ್ತ ಹೌದು ಎಂದು ಗುರುತು ಹಾಕಿದ. ಸಹಿ ಮಾಡಿದ. ದಿನಾಂಕವನ್ನೂ ಬರೆದ. ಅವನು ದಿನಾಂಕ ಮರೆಯುವವನಲ್ಲ.

ಜಿಲ್ಲೆಯಲ್ಲಿ ಕುಳಿತು ಗೋಡೆ ಕಾಯುವವನು ಅದನ್ನು ನೋಡಿ ಇ-ಮೇಲಿನ ಬಾಗಿಲು ತೆರೆದ. ತನ್ನ ದಫ್ತರದಲ್ಲಿ ಬರೆದ: ಇ-ಮೇಲ್, ತೆರೆದಿದೆ.

ಅಲ್ಲೊಂದು ಸಣ್ಣ ಸಂಗತಿ ಇತ್ತು. ಇ-ಮೇಲಿಗೆ ಬಾಗಿಲು ಒಂದಲ್ಲ. ಪತ್ರ ಕಳಿಸುವ ಬಾಗಿಲು ಬೇರೆ. ಪತ್ರ ತರುವ ಬಾಗಿಲು ಬೇರೆ.

"ಅದ್ಹೆಂಗ್ರಿ ಅಜ್ಜಾರ? ಪತ್ರ ತಾನಾಗಿ ಬರೂದಿಲ್ಲೇನು?"

"ಬರೂದಿಲ್ಲ. ನಮ್ಮ ಹೆಸರಿನ ಪೆಟ್ಟಿಗಿ ದೂರದ ಊರಾಗ ಇರ್ತದ. ಪತ್ರ ಅಲ್ಲಿ ತನಕ ಬಂದು ಬೀಳ್ತದ. ನಮ್ಮ ಕಂಪ್ಯೂಟರ್ ಹೋಗಿ, ನನಗೇನರ ಬಂದದೇನು ಅಂತ ಕೇಳಿ ತರಬೇಕು. ಕೇಳಾಕ ಹೋಗೂ ಬಾಗಲ ಮುಚ್ಚಿತ್ತು."

"ಎಷ್ಟನೇ ನಂಬರಿನ ಬಾಗಲ್ರಿ?"

"ಒಂಬೈನೂರಾ ತೊಂಬತ್ಮೂರು."

ಗದಿಗೆಯ್ಯ ಅಜ್ಜನವರ ಮುಂದಿದ್ದ ಕಾಗದದ ಅಂಚಿನಲ್ಲಿ ಅದನ್ನು ಬರೆದುಕೊಂಡ. ಅಜ್ಜನವರು ಅವನು ಬರೆಯುವವರೆಗೂ ಕಾದು ಮುಂದುವರಿಸಿದರು.

ಮುಚ್ಚಿದ ಬಾಗಿಲು ಮುಚ್ಚಿದೆ ಎಂದು ಹೇಳಿದ್ದರೆ ಕತೆ ಅಂದೇ ಮುಗಿಯುತ್ತಿತ್ತು. ಆದರೆ ಈ ಗೋಡೆ ಬಡಿದವರಿಗೆ ಉತ್ತರ ಕೊಡುವುದಿಲ್ಲ. ಉತ್ತರ ಕೊಟ್ಟರೆ ಇಲ್ಲೊಂದು ಗೋಡೆ ಇದೆ ಎಂದು ಕಳ್ಳನಿಗೆ ತಿಳಿಯುತ್ತದೆ. ಆದ್ದರಿಂದ ಸುಮ್ಮನಿರಬೇಕು. ಇದೂ ಯೋಗ್ಯವಾದ ನಿಯಮ. ಕಂಪ್ಯೂಟರ್ ಹೋಗಿ ಬಡಿಯುತ್ತಿತ್ತು. ಗೋಡೆ ಸುಮ್ಮನಿರುತ್ತಿತ್ತು. ಕಂಪ್ಯೂಟರ್ ಒಂದು ನಿಮಿಷ ಕಾದು, ದೂರದ ಪೆಟ್ಟಿಗೆಯವರು ಉತ್ತರಿಸುತ್ತಿಲ್ಲ ಎಂದು ತೆರೆಯ ಮೇಲೆ ಬರೆಯುತ್ತಿತ್ತು. ಪೆಟ್ಟಿಗೆಯವರಿಗೆ ಯಾರೂ ಕರೆದದ್ದೇ ಕೇಳಿಸಿರಲಿಲ್ಲ.

ಹತ್ತು ದಿನ ಆಯಿತು. ಮಂಗಳವಾರ ಖಾನಾವಳಿಗೆ ರಜೆ. ಹೆಂಗಸು ಆಸ್ಪತ್ರೆಗೆ ಬಂದಳು.

"ಯಣ್ಣಾ, ನನ್ನ ಚೀಟಿ ಬಂತೇನು?"

"ಇನ್ನಾ ಬಂದಿಲ್ಲಬೇ. ಮುಂದಿನ ವಾರ ಬಾ."

ಮುಂದಿನ ವಾರ ಬಂದಳು. ಬಂದಿಲ್ಲ. ಅದರ ಮುಂದಿನ ವಾರ ಬಂದಳು. ಬಂದಿಲ್ಲ. ಗುಮಾಸ್ತ ಸುಳ್ಳು ಹೇಳಲಿಲ್ಲ.

ಅವನು ಸುಮ್ಮನೆ ಕೂಡುವವನೂ ಆಗಿರಲಿಲ್ಲ. ಶಹರದ ಲ್ಯಾಬಿಗೆ ಫೋನು ಮಾಡಿದ.

"ಕಳಿಸೀವಿ" ಎಂದರು ಲ್ಯಾಬಿನವರು.

"ಬಂದಿಲ್ಲ."

"ಹೋಗೇದ."

"ಬಂದಿಲ್ಲರೀ ಸರ."

"ಹೋಗೇದರೀ ಸರ. ಮತ್ತೊಮ್ಮೆ ಕಳಿಸ್ತೀವಿ, ತಗೋರಿ."

"ಫೋನಿನಾಗ ಓದಿ ಹೇಳ್ರಲ್ಲ."

"ರೋಗಿ ಸುದ್ದಿ ಫೋನಿನಾಗ ಹೇಳೂಹಂಗಿಲ್ಲ. ನೀವು ಯಾರು ಅಂತ ನಮಗೇನು ಗೊತ್ತು?"

ಇದರಲ್ಲಿ ತಪ್ಪೇನೂ ಇಲ್ಲ. ಅವರು ಮತ್ತೊಮ್ಮೆ ಕಳಿಸಿದರು. ಆಮೇಲೆ ಅವನು ಕೇಳಿದಾಗಲೆಲ್ಲ ಕಳಿಸಿದರು. ಬಂದಿಲ್ಲ ಎಂದವನೂ ಖರೆ ಹೇಳಿದ, ಹೋಗಿದೆ ಎಂದವರೂ ಖರೆ ಹೇಳಿದರು. ಎರಡು ಖರೆಗಳ ನಡುವೆ ಪತ್ರ ಬಿದ್ದಿತ್ತು.

ಗುಮಾಸ್ತ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದ. ಅವನು ಜಾಣ. ಒಂದಾದ ಮೇಲೊಂದು ಕಾರಣವನ್ನು ಪರೀಕ್ಷಿಸುತ್ತ ಹೋದ. ಮೊದಲು ಕಂಪ್ಯೂಟರನ್ನು ಆರಿಸಿ ಹಚ್ಚಿದ. ಆಗಲಿಲ್ಲ. ಪಾಸ್‌ವರ್ಡ್ ಬದಲಾಯಿಸಿದ. ಆಗಲಿಲ್ಲ. ತಂತಿ ಬದಲಾಯಿಸಿದ. ಆಗಲಿಲ್ಲ. ಕಂಪ್ಯೂಟರಿನ ಒಳಗೂ ಒಂದು ಪುಟ್ಟ ಗೋಡೆ ಇರುತ್ತದೆ. ಅದನ್ನು ಒಂದು ಗಳಿಗೆ ತೆಗೆದು ನೋಡಿ ಮತ್ತೆ ಹಾಕಿದ. ಆಗಲಿಲ್ಲ. ಇಲ್ಲಿಂದ ಒಂದು ಪತ್ರ ಕಳಿಸಿ ನೋಡಿದ. ಹೋಯಿತು. ಅವನ ಸಂಶಯ ಹೆಚ್ಚಿತು. ಹೋಗುವುದು ಹೋಗುತ್ತದೆ, ಬರುವುದು ಬರುವುದಿಲ್ಲ ಎಂದರೆ ದಾರಿ ಸರಿ ಇದೆ, ಆ ಕಡೆಯವರೇ ಸರಿ ಇಲ್ಲ ಎಂದು ತರ್ಕ ಮಾಡಿದ. ತರ್ಕ ಚೆನ್ನಾಗಿತ್ತು.

"ದೊಡ್ಡ ಗ್ವಾಡಿ ಏನರ ಅಡ್ಡ ಬಂದದೇನು?" ಎಂದು ಕೊನೆಗೆ ಅವನಿಗೂ ಹೊಳೆಯಿತು. ಜಿಲ್ಲೆಗೆ ಫೋನು ಮಾಡಿ ಕೇಳಿದ. ಗೋಡೆ ಕಾಯುವವನು ದಫ್ತರ ತೆಗೆದು ಓದಿದ: "ಇ-ಮೇಲ್, ತೆರೆದಿದೆ." ರಿಪೇರಿಯವನು ಆ ಕಾರಣಕ್ಕೂ ಗೀಟು ಹಾಕಿದ.

ಉಳಿದದ್ದು ಒಂದೇ ಪರೀಕ್ಷೆ. ಅವನು ಆಸ್ಪತ್ರೆಯ ಪೆಟ್ಟಿಗೆಯನ್ನು ತನ್ನ ಫೋನಿನಲ್ಲಿ ತೆರೆದ. ಫೋನಿಗೆ ಗೋಡೆ ಇಲ್ಲ. ಪೆಟ್ಟಿಗೆ ತೆರೆಯಿತು. ಓದದ ಪತ್ರ ನಲವತ್ತೊಂದು ಎಂದು ಕಂಡಿತು. ಮೇಲಿನಿಂದ ಮೂರನೆಯದು ಲ್ಯಾಬಿನದು.

ಅವನು ಸಂಭಾವಿತ. ಪರರ ಪತ್ರ ಓದಬಾರದೆಂದು ಕಲಿತವನು. ಮುಖ ಬೇರೆ ಕಡೆ ತಿರುಗಿಸಿಕೊಂಡೇ ಮುಚ್ಚಿದ.

"ಪೆಟ್ಟಿಗಿ ಸರಿ ಐತಿ. ಪತ್ರಾನೂ ಅದಾವು. ನಿಮ್ಮ ಕಂಪ್ಯೂಟರೇ ಮುದುಕಾಗೇದ."

"ನಿನ್ನ ಫೋನಿನಾಗ ಕಂಡ್ರ ನನ್ನ ಫೋನಿನಾಗೂ ಕಾಣಬೇಕಲ್ಲ ತಮ್ಮಾ? ಒಂದೀಟು ಹಾಕಿಕೊಡು."

"ಅಣ್ಣಾ, ಆಸ್ಪತ್ರಿ ಪತ್ರ ಸ್ವಂತ ಫೋನಿನಾಗ ಇಟ್ಕೊಬಾರದು ಅಂತ ಆದೇಶ ಐತಿ. ಗ್ವಾಡೀ ಜೋಡೀನೇ ಬಂದೈತಿ, ಈ ಇಟ್ಟಂಗಿ ಗ್ವಾಡಿಗೆ ಹಚ್ಚೀರಿ ನೋಡ್ರಿ. ನಂದೂ ಅಳಸೀನಿ."

ಗುಮಾಸ್ತ ಗೋಡೆಯ ಮೇಲಿನ ಆದೇಶ ನೋಡಿದ. ಅದನ್ನು ಅಂಟಿಸಿದವನು ಅವನೇ. ಹೊಸ ಕಂಪ್ಯೂಟರಿಗೆ ಅರ್ಜಿ ಬರೆದ. ಎರಡು ತಿಂಗಳಿಗೆ ಹೊಸ ಕಂಪ್ಯೂಟರ್ ಬಂತು. ಕುಂಕುಮ ಹಚ್ಚಿ, ಕಾಯಿ ಒಡೆದು, ಶುರು ಮಾಡಿದರು. ಅದೂ ಹೋಗಿ ಅದೇ ಬಾಗಿಲು ಬಡಿಯಿತು. ಹಳೆಯದಕ್ಕಿಂತ ಬೇಗ ಬಡಿಯುತ್ತಿತ್ತು.

ಅಷ್ಟರಲ್ಲಿ ವೈದ್ಯನಿಗೆ ವರ್ಗವಾಯಿತು. ಹೊಸ ವೈದ್ಯೆ ಬಂದಳು. ದಿನಕ್ಕೆ ನೂರು ರೋಗಿಗಳನ್ನು ನೋಡುವವಳು. ಹೆಂಗಸಿನ ಕೇಸಿನ ಕಾಗದ ತೆರೆದಳು. 'ವರದಿ ಬರಬೇಕಿದೆ' ಎಂದಿತ್ತು. ಹಿಂದಿನ ವೈದ್ಯ ತೆಗೆದ ಚೂರಿನ ವರದಿ ಬಾರದೆ ತಾನು ಮತ್ತೊಂದು ಚೂರು ತೆಗೆಯುವುದು ಸರಿಯಲ್ಲ ಎಂದುಕೊಂಡಳು. ತೋಳು ಜಗ್ಗುತ್ತದೆ ಎಂದು ಆಕೆ ಹೇಳಿದ್ದಕ್ಕೆ ನೋವಿನ ಗುಳಿಗೆ ಬರೆದುಕೊಟ್ಟಳು. ಮುಂದಿನ ರೋಗಿಯನ್ನು ಕರೆದಳು. ಹೊರಗೆ ತೊಂಬತ್ತು ಜನ ಇದ್ದರು.

ಖಾನಾವಳಿಯಲ್ಲಿ ರೊಟ್ಟಿ ಬದಲಾಯಿತು. ಬಲಗೈ ಎತ್ತಿದರೆ ನೋಯುತ್ತದೆಂದು ಆಕೆ ಎಡಗೈಯಲ್ಲಿ ಬಡಿಯತೊಡಗಿದಳು. ರೊಟ್ಟಿ ಒಂದು ಬದಿ ತೆಳ್ಳಗೆ, ಒಂದು ಬದಿ ದಪ್ಪ. ಉಣ್ಣುವವರು ಗೊಣಗಿದರು. ಗುಮಾಸ್ತನೂ ತಿಂದ. ಅವನು ಗೊಣಗಲಿಲ್ಲ. ಆಕೆಯ ಮೇಲೆ ಅವನಿಗೆ ಕರುಣೆ ಇತ್ತು. ದಪ್ಪನೆಯ ಬದಿಯನ್ನು ಮುರಿದು ತಾಟಿನ ಅಂಚಿಗೆ ಇಡುತ್ತಿದ್ದ.

ಒಂದು ಮಂಗಳವಾರ ಆಕೆ ಬೇರೆ ಪ್ರಶ್ನೆ ಕೇಳಿದಳು.

"ಯಣ್ಣಾ, ಚೀಟಿ ಬರಲಿಲ್ಲ ಅಂದ್ರ ಏನಂತ ತಿಳಕೊಳ್ಳಿ ನಾನು?"

ಗುಮಾಸ್ತ ತಿರುಗಿ ನೋಡಿದ. ಪಕ್ಕದಲ್ಲಿ ನರ್ಸ್ ಇದ್ದಳು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಕಳೆದವಳು. ಆಸ್ಪತ್ರೆಗಳಲ್ಲಿ ಒಂದು ನಂಬಿಕೆ ಇದೆ. ಹಿಂದೆ ಗಂಟು ಕೆಟ್ಟದ್ದಿದ್ದರೆ ಲ್ಯಾಬಿನವರು ಲಕೋಟೆಗೆ ಕಾಯದೆ ವೈದ್ಯನಿಗೆ ತಾವೇ ಫೋನು ಮಾಡುತ್ತಿದ್ದರು. ಒಳ್ಳೆಯದಿದ್ದರೆ ಲಕೋಟೆ ನಿಧಾನವಾಗಿ ಬರುತ್ತಿತ್ತು. ಕೆಲವು ಬರುತ್ತಲೇ ಇರಲಿಲ್ಲ. ಈಗ ಕೆಟ್ಟದ್ದಕ್ಕೂ ಒಳ್ಳೆಯದಕ್ಕೂ ಇ-ಮೇಲ್ ಒಂದೇ ಆಗಿತ್ತು. ಫೋನು ನಿಂತಿತ್ತು. ನಂಬಿಕೆ ನಿಂತಿರಲಿಲ್ಲ.

"ಕೆಟ್ಟ ಸುದ್ದಿ ಗಾಳಿಗಿಂತ ಮೊದಲ ಬರ್ತದವಾ" ಎಂದಳು ನರ್ಸ್. "ನಾಕು ತಿಂಗಳಾತು. ಬಂದಿಲ್ಲ ಅಂದ್ರ ಏನೂ ಇಲ್ಲಂತ ತಿಳಕೋ. ನಾ ಎಷ್ಟು ಮಂದೀನ್ನ ನೋಡೀನಿ."

"ಖರೇನ್ರಿ ಬಾಯಾರ?"

"ಖರೆ ಅಲ್ಲದ ಮತ್ತೇನು? ಕೈ ನೋವು ರೊಟ್ಟಿ ಬಡದು ಬಡದು ಬಂದದ. ಒಂದೆರಡು ದಿನ ಸೊಸೀಗೆ ಬಡಿಯಾಕ ಹಚ್ಚು."

"ಸೊಸಿ ಬಡದ್ರ ಖಾನಾವಳಿ ಮುಚ್ಚತೈತ್ರಿ" ಎಂದು ಆಕೆ ನಕ್ಕಳು. ಬಹಳ ದಿನದ ಮೇಲೆ ನಕ್ಕಳು.

ಮರುದಿನ ಒಂದು ಡಬ್ಬಿಯಲ್ಲಿ ಸಕ್ಕರೆ ತಂದಳು. ಕಾಯಿಲೆ ಇಲ್ಲ ಎಂದು ತಿಳಿದ ಸಂತೋಷಕ್ಕೆ ಆಸ್ಪತ್ರೆಯವರಿಗೆಲ್ಲ ಹಂಚಿದಳು. ನರ್ಸಿಗೆ ಕೊಟ್ಟಳು. ವೈದ್ಯೆಗೆ ಕೊಟ್ಟಳು. ಔಷಧಿ ಕೊಡುವವನಿಗೆ ಕೊಟ್ಟಳು. ಗುಮಾಸ್ತನ ಅಂಗೈಯಲ್ಲಿ ಎರಡು ಸಲ ಹಾಕಿದಳು. ಅವನು ಹೆಚ್ಚು ಓಡಾಡಿದ್ದ. ಅವನು ತಿಂದ. ಆಮೇಲೆ ಆಕೆ ಮಂಗಳವಾರ ಬರುವುದನ್ನು ಬಿಟ್ಟಳು.

"ಗುಮಾಸ್ತನೂ ಬಿಟ್ಟನೇನ್ರಿ?" ಎಂದ ಗದಿಗೆಯ್ಯ.

"ಇಲ್ಲ. ಅವ ಬಿಡೂ ಪೈಕಿ ಅಲ್ಲ."

ಗುಮಾಸ್ತ ನೇರವಾಗಿ ಜಿಲ್ಲೆಗೆ ದೂರು ಬರೆದ. ದೂರನ್ನು ಇ-ಮೇಲಿನಲ್ಲೇ ಕೊಡಬೇಕೆಂಬುದು ನಿಯಮ. ಕಳಿಸುವ ಬಾಗಿಲು ತೆರೆದಿತ್ತು. ದೂರು ಹೋಯಿತು. ಗೋಡೆ ಕಾಯುವವನು ಅದನ್ನು ಅಂದೇ ಓದಿದ. ಅಂದೇ ಉತ್ತರ ಬರೆದ: ತೊಂದರೆ ಯಾವ ಬಾಗಿಲಿನಲ್ಲಿ ಎಂದು ದಯವಿಟ್ಟು ತಿಳಿಸಿ, ಕೂಡಲೇ ಸರಿಪಡಿಸುತ್ತೇವೆ. ಬಹಳ ವಿನಯದ ಉತ್ತರ. ಅದು ದೂರದ ಪೆಟ್ಟಿಗೆಯಲ್ಲಿ ಉಳಿದ ಪತ್ರಗಳ ಮೇಲೆ ಹೋಗಿ ಕುಳಿತಿತು.

ಗೋಡೆ ಕಾಯುವವನು ಏಳು ದಿನ ಕಾದ. ಗುಮಾಸ್ತನಿಂದ ಮಾತಿಲ್ಲ. ದಫ್ತರದಲ್ಲಿ ಬರೆದ: ದೂರುದಾರರು ಪ್ರತಿಕ್ರಿಯಿಸಿಲ್ಲ, ದೂರು ಮುಕ್ತಾಯ. ಮುಕ್ತಾಯವಾದದ್ದನ್ನು ತಿಳಿಸಿ ಇನ್ನೊಂದು ಪತ್ರ ಬರೆದ. ಸೇವೆ ತೃಪ್ತಿಕರವಾಗಿತ್ತೇ ಎಂದು ಕೇಳಿ ಮತ್ತೊಂದು ಬರೆದ.

ಗುಮಾಸ್ತ ಎರಡನೆಯ ದೂರು ಕೊಟ್ಟ. ಎರಡನೆಯದೂ ಹಾಗೆಯೇ ಮುಗಿಯಿತು. ಮೂರನೆಯದರಲ್ಲಿ ಅವನ ಭಾಷೆ ಬಿಗಿಯಾಯಿತು: ಎರಡು ಸಲ ಬರೆದರೂ ತಾವು ಉತ್ತರಿಸುವ ಸೌಜನ್ಯ ತೋರಿಲ್ಲ. ಗೋಡೆ ಕಾಯುವವನಿಗೆ ನೋವಾಯಿತು. ಆರು ಪತ್ರ ಬರೆದವನು ಅವನು.

"ಫೋನ್ ಮಾಡಬಾರದಿತ್ತೇನ್ರಿ?"

"ಮಾಡಿದ. ಗ್ವಾಡಿ ಕಾಯೋನು, 'ಉತ್ತರ ಕಳಿಸೀನಿ, ನಿಮ್ಮ ಮೇಲ್ ನೋಡ್ರಿ' ಅಂದ."

ಗದಿಗೆಯ್ಯ ನಕ್ಕ. ಅಜ್ಜನವರು ನಗಲಿಲ್ಲ.

ಏಳನೆಯ ತಿಂಗಳು ಗೋಡೆ ಕಾಯುವವನು ಸ್ವತಃ ಆ ಊರಿಗೆ ಬಂದ. ದೂರಿಗಾಗಿ ಅಲ್ಲ. ಜಿಲ್ಲೆಯಲ್ಲಿ ಆ ಆಸ್ಪತ್ರೆಯ ಗೋಡೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದೆ ಎಂದು ಲೆಕ್ಕ ಬಂದಿತ್ತು. ಏಳು ತಿಂಗಳಲ್ಲಿ ಒಂದೇ ಒಂದು ಕೆಟ್ಟ ಪತ್ರ ಒಳಗೆ ಬಂದಿರಲಿಲ್ಲ. ಡಬ್ಬಿಯ ಪಕ್ಕದಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕಿತ್ತು.

"ಛಲೋದೂ ಬಂದಿಲ್ಲರೀ ಸಾಹೇಬ್ರ" ಎಂದ ಗುಮಾಸ್ತ.

"ಅಂದ್ರ?"

"ಯಾವುದೂ ಬಂದಿಲ್ಲ. ನಿಮ್ಮ ಗ್ವಾಡಿ ಮೇಲು ಕೀಳು ನೋಡೂದಿಲ್ಲ."

ಅವನಿಗೆ ಈ ಮಾತು ತಮಾಷೆ ಎನಿಸಿತು. ಆದರೂ ಕುಳಿತ. ಗೋಡೆಗೂ ಒಂದು ದಿನಚರಿ ಇರುತ್ತದೆ. ಯಾರು ಬಂದರು, ಯಾವ ಬಾಗಿಲು ಬಡಿದರು, ಏನಾಯಿತು ಎಂದು ಅದು ತಾನೇ ಬರೆದುಕೊಳ್ಳುತ್ತದೆ. ಅದನ್ನು ತೆರೆದ. ಒಂದೇ ಸಾಲು ಮತ್ತೆ ಮತ್ತೆ ಬಂದಿತ್ತು. ಅದೇ ಕಂಪ್ಯೂಟರ್, ಅದೇ ಬಾಗಿಲು, ಬಿಡಲಿಲ್ಲ. ಹತ್ತು ನಿಮಿಷಕ್ಕೊಂದು ಸಲ, ಕಚೇರಿಯ ಎಲ್ಲ ದಿನ, ಏಳು ತಿಂಗಳು. ಎಂಟು ಸಾವಿರಕ್ಕೂ ಹೆಚ್ಚು ಸಾಲು. ಗೋಡೆ ಒಂದನ್ನೂ ಮರೆತಿರಲಿಲ್ಲ. ಓದಬೇಕೆಂದು ಯಾರಿಗೂ ಆದೇಶವಿರಲಿಲ್ಲ.

"ಓ, ತರೂ ಬಾಗಲ ಬ್ಯಾರೆ ಕೇಳಬೇಕಿತ್ರಿ ನೀವು" ಎಂದ.

"ನಮೂನಿಯೊಳಗ ಇ-ಮೇಲ್ ಬೇಕೇ ಅಂತ ಇತ್ತು. ಬೇಕು ಅಂದೀನಿ."

"ಬೇಕು ಅಂದೀರಿ. ಎರಡೂ ಬೇಕು ಅಂದಿಲ್ಲ."

ಅವನು ಬಾಗಿಲು ತೆರೆದ. ಅದಕ್ಕೆ ಹಿಡಿದದ್ದು ಅರ್ಧ ಕಪ್ ಚಹಾ ಕುಡಿಯುವಷ್ಟು ಹೊತ್ತು. ಪತ್ರಗಳು ಬಿದ್ದವು. ಒಂದರ ಮೇಲೊಂದು ಟಿಂಗ್ ಟಿಂಗ್ ಎನ್ನುತ್ತ ನಾಲ್ಕು ನೂರ ಹನ್ನೆರಡು. ನರ್ಸ್, ಔಷಧಿಯವನು, ಎಲ್ಲರೂ ಬಂದು ನಿಂತು ನೋಡಿದರು. ಯಾರೋ ಚಪ್ಪಾಳೆ ತಟ್ಟಿದರು. ಗೋಡೆ ಕಾಯುವವನ ಪತ್ರಗಳೂ ಬಂದವು. ಅವನು ಅವನ್ನು ಬೆರಳಿಟ್ಟು ತೋರಿಸಿದ. "ನೋಡ್ರಿ. ಉತ್ತರ ಕೊಟ್ಟಿಲ್ಲ ಅಂತಿದ್ರಿ."

ಲ್ಯಾಬಿನ ಪತ್ರ ಒಂಬತ್ತು ಸಲ ಬಂದಿತ್ತು. ಮೊದಲನೆಯದು ಗೋಡೆ ಎದ್ದ ಆರನೆಯ ದಿನದ್ದು. ಒಂಬತ್ತರಲ್ಲೂ ಒಂದೇ ಮಾತು. ಗಂಟು ಕೆಟ್ಟದ್ದು. ಈಗಿನ್ನೂ ಸಣ್ಣದಿದೆ. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಿ. ತಡ ಮಾಡಬೇಡಿ.

ಗುಮಾಸ್ತ ಅದನ್ನು ಕಾಗದದ ಮೇಲೆ ತೆಗೆದ. ಎದ್ದ. ಗೋಡೆ ಕಾಯುವವನು ಅವನನ್ನು ತಡೆದು ಒಂದು ಚೀಟಿ ಮುಂದೆ ಹಿಡಿದ: ದೂರು ಪರಿಹಾರವಾಗಿದೆ ಎಂದು ಸಹಿ ಬೇಕಿತ್ತು. ಗುಮಾಸ್ತ ಸಹಿ ಮಾಡಿದ. ಜೀವನದಲ್ಲಿ ಮೊದಲ ಸಲ ದಿನಾಂಕ ಬರೆಯಲು ಮರೆತ. ವರದಿ ಹಿಡಿದುಕೊಂಡು ರಸ್ತೆ ದಾಟಿ ಖಾನಾವಳಿಯ ಒಳಗೆ ಹೋದ.

"ತಡೀರಿ ಅಜ್ಜಾರ" ಎಂದ ಗದಿಗೆಯ್ಯ. ಅವನು ಮುಂದಕ್ಕೆ ಸರಿದು ಕುಳಿತಿದ್ದ. "ಮೊದಲ ಇದನ್ನ ಹೇಳ್ರಿ. ಆ ಗ್ವಾಡಿ ಕಾಯೋನಿಗೆ ಏನು ಶಿಕ್ಷಾ ಆತು?"

ಅಜ್ಜನವರು ಅವನ ಮುಖ ನೋಡಿದರು.

"ಅದನ್ನ ಕೇಳ್ತೀಯೇನು? ಆತು, ಅದನ್ನ ಹೇಳ್ತೀನಿ."

ಮೇಲಿನವರು ವಿಚಾರಣೆಗೆ ಮೂವರ ಸಮಿತಿ ಮಾಡಿದರು. ಸಮಿತಿ ಎಲ್ಲರನ್ನೂ ಕರೆದು ಕೇಳಿತು. ಲ್ಯಾಬಿನವರು ಒಂಬತ್ತು ಸಲ ಕಳಿಸಿದ್ದಕ್ಕೆ ದಾಖಲೆ ತೋರಿಸಿದರು. ರಿಪೇರಿಯವನು ತಾನು ಮಾಡಿದ ಪರೀಕ್ಷೆಗಳ ಪಟ್ಟಿ ಕೊಟ್ಟ. ಪತ್ರ ಕಣ್ಣೆದುರಿಗಿದ್ದರೂ ಓದದೆ ಮುಚ್ಚಿದ್ದಕ್ಕೆ ಸಮಿತಿ ಅವನನ್ನು ಮೆಚ್ಚಿತು. ವೈದ್ಯೆ ಕೇಸಿನ ಕಾಗದ ತೋರಿಸಿದಳು. ಗೋಡೆ ಕಾಯುವವನು ನಮೂನೆ ತೋರಿಸಿದ, ಆರು ಉತ್ತರಗಳನ್ನು ತೋರಿಸಿದ. ಗುಮಾಸ್ತ ಮೂರು ದೂರು ತೋರಿಸಿದ. ನರ್ಸ್ ಹೇಳಿದ್ದು ಬಾಯಿಮಾತು. ಅದಕ್ಕೆ ದಾಖಲೆ ಇರಲಿಲ್ಲ.

ಯಾರೂ ಕರ್ತವ್ಯದಲ್ಲಿ ಲೋಪ ಮಾಡಿಲ್ಲ ಎಂದು ಸಮಿತಿ ಬರೆಯಿತು. ದೋಷ ಇದ್ದದ್ದು ನಮೂನೆಯಲ್ಲಿ. ನಮೂನೆಗೆ ಶಿಕ್ಷೆ ಕೊಡಲು ಬರುವುದಿಲ್ಲ, ತಿದ್ದಲು ಬರುತ್ತದೆ. ಒಂದು ಸಾಲಿದ್ದಲ್ಲಿ ಎರಡು ಸಾಲು ಮಾಡಿದರು. ಕಳಿಸುವ ಬಾಗಿಲು ಬೇಕೇ? ತರುವ ಬಾಗಿಲು ಬೇಕೇ? ತಿದ್ದಿದ ನಮೂನೆಯನ್ನು ಜಿಲ್ಲೆಯ ಎಲ್ಲ ಆಸ್ಪತ್ರೆಗಳಿಗೂ ಇ-ಮೇಲಿನಲ್ಲಿ ಕಳಿಸಿದರು. ತಲುಪಿದ್ದಕ್ಕೆ ಉತ್ತರ ಕೊಡಿ ಎಂದೂ ಬರೆದರು. ಹನ್ನೊಂದು ಆಸ್ಪತ್ರೆಗಳಿಂದ ಉತ್ತರ ಬರಲಿಲ್ಲ. ಉತ್ತರ ಬಾರದಿದ್ದರೆ ತಕರಾರಿಲ್ಲ ಎಂದು ಅರ್ಥಮಾಡಿಕೊಂಡು ಕಡತ ಮುಗಿಸಿದರು.

ಅಜ್ಜನವರು ನಿಲ್ಲಿಸಿದರು.

ಗದಿಗೆಯ್ಯ ತನ್ನ ಕಾಗದ ನೋಡಿದ. ಅಂಚಿನಲ್ಲಿ ಬರೆದುಕೊಂಡ ಸಂಖ್ಯೆ ನೋಡಿದ.

"ನಿಮಗ ಇಷ್ಟೆಲ್ಲಾ ಹೆಂಗ ಗೊತ್ರಿ?"

"ಆ ಗುಮಾಸ್ತ ಇಲ್ಲಿಗೆ ಬಂದಿದ್ದ. ಮೂರು ದಿನ ಇದ್ದ. ದಾಸೋಹದಾಗ ರೊಟ್ಟಿ ನೀಡಿದ್ರ ಬ್ಯಾಡ ಅಂತಿದ್ದ, ಬರೇ ಅನ್ನ ಉಂಡ."

"ಸಮಿತಿಯವರು ತಪ್ಪು ಬರದಾರ ಅನ್ನಸ್ತದರಿ ನನಗ" ಎಂದ ಗದಿಗೆಯ್ಯ. ಅವನ ದನಿಯಲ್ಲಿ ಸಿಟ್ಟಿತ್ತು. "ಯಾರದರ ಒಬ್ಬರದು ತಪ್ಪು ಇರಾಕೇ ಬೇಕು. ನಮೂನಿ ಬರದವನದೋ? ದಿನಚರಿ ಓದದವನದೋ? ಪತ್ರ ಕಂಡೂ ಫೋನ್ ಮುಚ್ಚಿದವನದೋ? ನೀವೇ ಹೇಳ್ರಿ ಅಜ್ಜಾರ, ಇದರಾಗ ತಪ್ಪು ಯಾರದು?"

ಅಜ್ಜನವರು ಅವನ ಕಾಗದವನ್ನು ಅವನ ಕೈಗೆ ಮರಳಿಸಿದರು.

"ಆ ಹೆಣ್ಣುಮಗಳು ಏನಾದ್ಲು ಅಂತ ನೀನೂ ಕೇಳಲಿಲ್ಲಲ್ಲೋ."